ದಡದಲ್ಲಿ ಕುಳಿತವರ ಪಾಲು

ಕಳೆದ ತಿಂಗಳು ಈ ಅಂಕಣದಲ್ಲಿ ‘ಷರತ್ತಿಲ್ಲದ ಮೂಲ ಆದಾಯ’ ಎಂಬ ಮಾತನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಡವ, ಬಲ್ಲಿದ, ದುಡಿಯುವವ, ದುಡಿಯದವ ಎಂಬ ಭೇದವನ್ನು ನೋಡದೆ ಪ್ರತಿಯೊಬ್ಬರಿಗೂ ನಿಯತವಾಗಿ ಇಂತಿಷ್ಟು ಹಣ ಸಲ್ಲಬೇಕು ಎಂಬ ವಿಚಾರವದು. ಆ ಒಂದು ಸಾಲಿಗೆ ಕಾರವಾರದಿಂದ ಸಿದ್ದಾಪುರದವರೆಗೆ ಇಷ್ಟು ಪತ್ರಗಳು ಬಂದಾವು ಎಂದು ನಾನು ಎಣಿಸಿರಲಿಲ್ಲ. ಆದ್ದರಿಂದ ಈ ಸಲ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಪುಟವನ್ನೆಲ್ಲ ಇದೊಂದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಎಲ್ಲರಿಗೂ ಮೂಲ ಆದಾಯ ಕೊಡಬೇಕೆಂದು ಮೊದಲು ಹೇಳಿದವನು ಥಾಮಸ್ ಪೇನ್ ಎಂದು ಒಂದು ಭಾಷಣದಲ್ಲಿ ಕೇಳಿದೆ. ಇದು ಸರಿಯೇ?
– ಅರ್ಥಶಾಸ್ತ್ರದ ಉಪನ್ಯಾಸಕಿ, ಹೊನ್ನಾವರ

ಉತ್ತರ: ಅರ್ಧ ಸರಿ. ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ 1776ರಲ್ಲಿ ‘ಕಾಮನ್ ಸೆನ್ಸ್’ ಎಂಬ ಕಿರುಹೊತ್ತಗೆಯಿಂದ ಕಿಚ್ಚು ಹಚ್ಚಿದ ಪೇನ್, ಮುಂದೆ ಫ್ರಾನ್ಸಿನಲ್ಲಿ ಸೆರೆಮನೆಯನ್ನೂ ಕಂಡು ಹೊರಬಂದ ಮೇಲೆ ‘ಅಗ್ರೇರಿಯನ್ ಜಸ್ಟಿಸ್’ ಎಂಬ ಇನ್ನೊಂದು ಹೊತ್ತಗೆಯನ್ನು ಬರೆದ. ಅದು ಅಚ್ಚಾದದ್ದು 1797ರಲ್ಲಿ. ಭೂಮಿಯು ಮೊದಲಿಗೆ ಎಲ್ಲರದೂ ಆಗಿತ್ತು, ಅದನ್ನು ಸ್ವಂತ ಮಾಡಿಕೊಂಡವರು ಉಳಿದವರಿಗೆ ನೆಲದ ಗೇಣಿಯನ್ನು ಸಲ್ಲಿಸುವ ಋಣದಲ್ಲಿದ್ದಾರೆ ಎಂಬುದು ಅವನ ತರ್ಕ. ಆಸ್ತಿಯು ಒಬ್ಬರ ಮರಣಾನಂತರ ಇನ್ನೊಬ್ಬರಿಗೆ ಹೋಗುವಾಗ ಹತ್ತನೆಯ ಒಂದು ಪಾಲನ್ನು ತೆಗೆದು ನಿಧಿಯೊಂದನ್ನು ಮಾಡಬೇಕು, 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಒಮ್ಮೆ 15 ಪೌಂಡು, 50 ವರ್ಷ ದಾಟಿದವರಿಗೆ ಬದುಕಿರುವ ತನಕ ವರ್ಷಕ್ಕೆ 10 ಪೌಂಡು ಕೊಡಬೇಕು, ಶ್ರೀಮಂತರಿಗೂ ಕೊಡಬೇಕು, ಏಕೆಂದರೆ ಇದು ದಾನವಲ್ಲ, ಹಕ್ಕು ಎಂದು ಅವನು ಸ್ಪಷ್ಟವಾಗಿ ಬರೆದ.

ಆದರೆ ಲೆಕ್ಕ ಹಾಕಿ ನೋಡಿ. ದುಡಿಯಲಾಗದ ಅಂಗವಿಕಲರನ್ನು ಬಿಟ್ಟರೆ ಉಳಿದವರಿಗೆ ಹುಟ್ಟಿದ ದಿನದಿಂದ 21ರವರೆಗೆ ಅವನ ಯೋಜನೆಯಲ್ಲಿ ಏನೂ ಇಲ್ಲ. ಒಮ್ಮೆ ಗಂಟು ಸಿಕ್ಕ ಮೇಲೆ 50ರವರೆಗೂ ಏನೂ ಇಲ್ಲ. ಹೆತ್ತು ಹೊತ್ತು ಸಾಕುವ ವಯಸ್ಸೆಲ್ಲ ಈ ಎರಡು ಅವಧಿಗಳಲ್ಲೇ ಕಳೆದುಹೋಗುತ್ತದೆ. ಈ ಕೊರತೆಯನ್ನು ಎತ್ತಿ ತೋರಿಸಿದವನು ಲಂಡನ್ನಿನ ಬೀದಿಯಲ್ಲಿ ಪುಸ್ತಕ ಮಾರುತ್ತಿದ್ದ ಥಾಮಸ್ ಸ್ಪೆನ್ಸ್. ಅವನ ‘ದಿ ರೈಟ್ಸ್ ಆಫ್ ಇನ್ಫ್ಯಾಂಟ್ಸ್’, ಎಂದರೆ ‘ಶಿಶುಗಳ ಹಕ್ಕುಗಳು’, ಅದೇ 1797ರಲ್ಲಿ ಹೊರಬಂತು. ಮಕ್ಕಳೊಂದಿಗಳಾದ ತಾಯಿಯೊಬ್ಬಳಿಗೂ ಜಮೀನ್ದಾರ ವರ್ಗಕ್ಕೂ ನಡೆಯುವ ವಾಗ್ವಾದದ ರೂಪದಲ್ಲಿದೆ ಆ ಪುಸ್ತಿಕೆ. ಮುನ್ನುಡಿಯಲ್ಲೂ ಅನುಬಂಧದಲ್ಲೂ ಪೇನ್‌ನ ಯೋಜನೆಯ ಖಂಡನೆಯಿದೆ. ಜನರು ಪೇನ್ ಹೇಳುವ ಅಲ್ಪ ಮೊತ್ತಕ್ಕೆ ಒಪ್ಪಿದರೆ ಹುಟ್ಟುಹಕ್ಕನ್ನು ಒಂದು ಬಟ್ಟಲು ಅಂಬಲಿಗೆ ಮಾರಿಕೊಂಡಂತಾಗುತ್ತದೆ ಎಂಬುದು ಅವನ ಟೀಕೆಯ ಸಾರ.

ಸ್ಪೆನ್ಸ್ ಮುಂದಿಟ್ಟ ಏರ್ಪಾಡು ಹೀಗಿತ್ತು. ಪ್ರತಿಯೊಂದು ಪ್ಯಾರಿಷ್, ಎಂದರೆ ಸುಮಾರಾಗಿ ನಮ್ಮ ಗ್ರಾಮ ಪಂಚಾಯಿತಿಯಂತಹ ಘಟಕ, ತನ್ನ ವ್ಯಾಪ್ತಿಯ ನೆಲ ಮತ್ತು ಮನೆಗಳಿಗೆ ಒಡೆಯನಾಗಬೇಕು. ಖಾಲಿಯಾದ ಹೊಲವನ್ನೂ ಮನೆಯನ್ನೂ ಹೆಚ್ಚಿಗೆ ಕೂಗಿದವರಿಗೆ 7 ವರ್ಷದ ಕರಾರಿನ ಮೇಲೆ ಗೇಣಿಗೆ ಕೊಡಬೇಕು. ಬಂದ ಗೇಣಿಯಲ್ಲಿ ಸರ್ಕಾರದ ಪಾಲನ್ನು ಕಳಿಸಬೇಕು, ಆ ಮೇಲೆ ಬೇರೆ ಯಾವ ತೆರಿಗೆಯೂ ಇರಕೂಡದು. ಮನೆ ಕಟ್ಟುವವರಿಗೆ, ಬೀದಿ ಗುಡಿಸುವವರಿಗೆ, ದೀಪ ಹಚ್ಚುವವರಿಗೆ, ಅಧಿಕಾರಿಗಳಿಗೆ ಸಂಬಳವಾಗಬೇಕು. ಇಷ್ಟೆಲ್ಲ ಆಗಿ ಮಿಕ್ಕಿದ್ದನ್ನು ಗಂಡಾಗಲಿ ಹೆಣ್ಣಾಗಲಿ, ಮದುವೆಯಾಗಿರಲಿ ಇಲ್ಲದಿರಲಿ, ದಾಂಪತ್ಯದಲ್ಲಿ ಹುಟ್ಟಿದ ಮಗುವಾಗಲಿ ಅದರ ಹೊರಗೆ ಹುಟ್ಟಿದ್ದಾಗಲಿ, ಒಂದು ದಿನದ ಕೂಸಿನಿಂದ ಹಣ್ಣು ಮುದುಕರವರೆಗೆ ಊರಿನಲ್ಲಿ ಉಸಿರಾಡುವ ಪ್ರತಿಯೊಂದು ಜೀವಕ್ಕೂ ಮೂರು ತಿಂಗಳಿಗೊಮ್ಮೆ ಸಮನಾಗಿ ಹಂಚಬೇಕು. ಇಲ್ಲಿ ಪೇನ್‌ನ ವಯಸ್ಸಿನ ಗಡಿಯೂ ಇಲ್ಲ, ಒಂದೇ ಸಲದ ಗಂಟೂ ಇಲ್ಲ. ಇಂದು ಮೂಲ ಆದಾಯ ಎಂದು ಕರೆಯುವುದಕ್ಕೆ ಇದೇ ಹತ್ತಿರ. ಅದಕ್ಕೇ ನಾನು ಮೊದಲ ಮಣೆಯನ್ನು ಪೇನ್‌ಗೆ ಹಾಕದೆ ಸ್ಪೆನ್ಸ್‌ಗೆ ಹಾಕುತ್ತೇನೆ. ಪೇನ್ ಜಗತ್ಪ್ರಸಿದ್ಧ, ಸ್ಪೆನ್ಸ್ ಬೀದಿ ವ್ಯಾಪಾರಿ. ಭಾಷಣಗಳಲ್ಲಿ ಯಾರ ಹೆಸರು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗುವುದಿಲ್ಲ.

ಪ್ರಶ್ನೆ: ಪುಸ್ತಕ ಮಾರುವವನಿಗೆ ನೆಲದ ಚಿಂತೆ ಏಕೆ ಹತ್ತಿತು? ಅವನು ರೈತನ ಮಗನೇ?
– ಅಡಿಕೆ ಬೆಳೆಗಾರರು, ಸಿದ್ದಾಪುರ

ಉತ್ತರ: ರೈತನ ಮಗನಲ್ಲ. ಕರಾವಳಿಯ ಓದುಗರಿಗೆ ಸಂತೋಷವಾಗಬಹುದು, ಅವನ ತಂದೆ ಬಲೆ ಹೆಣೆಯುತ್ತಿದ್ದವನು. ಸ್ಪೆನ್ಸ್ ಹುಟ್ಟಿದ್ದು 1750ರಲ್ಲಿ, ಉತ್ತರ ಇಂಗ್ಲೆಂಡಿನ ಬಂದರು ಪಟ್ಟಣವಾದ ನ್ಯೂಕ್ಯಾಸಲ್‌ನ ಧಕ್ಕೆಯ ಬದಿಯ ಬಡ ಕೇರಿಯಲ್ಲಿ. ಆ ಪಟ್ಟಣದ ಅಂಚಿನಲ್ಲಿ ಟೌನ್ ಮೂರ್ ಎಂಬ ದೊಡ್ಡ ಹುಲ್ಲುಗಾವಲಿದೆ. ಅಲ್ಲಿ ದನ ಮೇಯಿಸುವ ಹಕ್ಕು ‘ಫ್ರೀಮೆನ್’ ಎನಿಸಿಕೊಂಡ ಪಟ್ಟಣದ ಹಕ್ಕುದಾರರದ್ದು. 1771ರ ಸುಮಾರಿಗೆ ನಗರಾಡಳಿತವು ಅದರ ಒಂದು ಭಾಗಕ್ಕೆ ಬೇಲಿ ಹಾಕಿಸಿ ಗೇಣಿಗೆ ಕೊಡಲು ಹೊರಟಿತು. ಹಕ್ಕುದಾರರು ಕೋರ್ಟಿಗೆ ಹೋಗಿ ಗೆದ್ದರು, 1774ರಲ್ಲಿ ಅವರ ಹಕ್ಕನ್ನು ಕಾಯುವ ಕಾನೂನೂ ಆಯಿತು. ಆಗ ಶಾಲಾ ಮಾಸ್ತರನಾಗಿದ್ದ ಸ್ಪೆನ್ಸ್ ಇದನ್ನೆಲ್ಲ ಕಣ್ಣಾರೆ ನೋಡಿದ. ಒಂದು ಹುಲ್ಲುಗಾವಲಿನ ಗೇಣಿ ಊರಿನವರೆಲ್ಲರ ಪಾಲಿಗೆ ಸೇರುವುದಾದರೆ ದೇಶದ ಎಲ್ಲ ನೆಲದ ಗೇಣಿ ದೇಶದವರೆಲ್ಲರ ಪಾಲಿಗೆ ಏಕೆ ಸೇರಬಾರದು ಎಂಬ ಪ್ರಶ್ನೆ ಅವನಿಗೆ ಹುಟ್ಟಿತು. 1775ರ ನವೆಂಬರ್ 8ರಂದು ಊರಿನ ಫಿಲಸಾಫಿಕಲ್ ಸೊಸೈಟಿಯಲ್ಲಿ ಇದನ್ನೇ ಉಪನ್ಯಾಸವಾಗಿ ಓದಿದ. ಓದಿದ್ದಕ್ಕೆ ಯಾರ ತಕರಾರೂ ಇರಲಿಲ್ಲ. ಅದನ್ನು ಅಚ್ಚು ಹಾಕಿಸಿ ಬೀದಿಯಲ್ಲಿ ಅರ್ಧ ಪೆನ್ನಿಗೆ ಮಾರಿದಾಗ ಮಾತ್ರ ಪಂಡಿತ ಮಂಡಳಿಗೆ ಸಿಟ್ಟು ಬಂದು ಅವನನ್ನು ಹೊರಗೆ ಹಾಕಿತು.

ಅವನ ಬರವಣಿಗೆಯಲ್ಲಿ ಬರುವ ಒಂದು ಘಟನೆಯನ್ನು ಸಿದ್ದಾಪುರದವರಿಗೆ ಹೇಳದೆ ಇರಲಾರೆ. ಹೆಕ್ಸಮ್ ಎಂಬ ಊರಿನ ಬಳಿಯ ಕಾಡಿನಲ್ಲಿ ಅವನೊಬ್ಬನೇ ಕಾಯಿ ಆರಿಸುತ್ತಿದ್ದಾಗ ಪೊದೆಯಿಂದ ಕಾವಲುಗಾರ ಎದ್ದು ಬಂದು ಏನು ಮಾಡುತ್ತಿದ್ದೀಯ ಎಂದು ಗದರಿಸಿದ. ಕಾಯಿ ಆರಿಸುತ್ತಿದ್ದೇನೆ ಎಂದ ಸ್ಪೆನ್ಸ್. ಹಾಗೆಂದು ಹೇಳುವ ಧೈರ್ಯವೇ ಎಂದು ಕೇಳಿದ್ದಕ್ಕೆ, ಅಳಿಲಿನ ಹತ್ತಿರ, ಕೋತಿಯ ಹತ್ತಿರ ನೀನು ಈ ಪ್ರಶ್ನೆಯನ್ನು ಕೇಳುವೆಯಾ, ನಾನೇನು ಅವುಗಳಿಗಿಂತ ಕಡಿಮೆಯೇ ಎಂದು ತಿರುಗಿ ಕೇಳಿದ. ಈ ಕಾಡು ಪೋರ್ಟ್‌ಲೆಂಡಿನ ಡ್ಯೂಕರದ್ದು ಎಂದಾಗ, ಅವರಿಗೆ ನನ್ನ ನಮಸ್ಕಾರ ತಿಳಿಸು, ಆದರೆ ಪ್ರಕೃತಿಗೆ ಅವರ ಪರಿಚಯ ನನ್ನ ಪರಿಚಯಕ್ಕಿಂತ ಹೆಚ್ಚಿಗೆ ಏನೂ ಇಲ್ಲ ಎಂದುಬಿಟ್ಟ.

ಜೂನ್–ಜುಲೈಯ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಉಪ್ಪಾಗೆ ಹಣ್ಣು ಆರಿಸಲು ಹೋಗಿ, ಸಿಪ್ಪೆ ಬಿಡಿಸಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದವರಿಗೆ ಈ ಮಾತುಕತೆ ಪರಿಚಿತವೆನಿಸೀತು. ಹಣ್ಣನ್ನು ಆರಿಸಿದವರು ಒಬ್ಬರು, ಆ ಕಾಡಿನ ಉತ್ಪನ್ನವನ್ನು ಟೆಂಡರಿನಲ್ಲಿ ಹಿಡಿದವರು ಇನ್ನೊಬ್ಬರು. ಇನ್ನು ನಮ್ಮ ಸೊಪ್ಪಿನ ಬೆಟ್ಟದ, ಎಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ, ಮಾತು. ಅದರ ಸೊಪ್ಪು, ದರಕು ಎಂಬ ಒಣ ಎಲೆ ಸಲ್ಲುವುದು ತೋಟವಿದ್ದವನಿಗೆ. ಆ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೂಲಿಯಾಳಿಗೆ ಬೆಟ್ಟದ ಮೇಲೆ ಕಾಗದಪತ್ರದ ಹಕ್ಕೇನೂ ಇಲ್ಲ. ಸ್ಪೆನ್ಸ್ ನಮ್ಮಲ್ಲಿಗೆ ಬಂದಿದ್ದರೆ ಡ್ಯೂಕನ ಜೊತೆಗೆ ಬೆಳೆಗಾರರಾದ ತಮ್ಮನ್ನೂ ನನ್ನನ್ನೂ ಅದೇ ಪ್ರಶ್ನೆ ಕೇಳುತ್ತಿದ್ದ ಎಂಬುದನ್ನು ಮರೆಯುವಂತಿಲ್ಲ. ನನಗೂ ಹಿರಿಯರಿಂದ ಬಂದ ಅರ್ಧ ಎಕರೆ ತೋಟವಿದೆ.

ಪ್ರಶ್ನೆ: ‘ಉಳುವವನೇ ಹೊಲದೊಡೆಯ’ ಎಂದು ನಾವು ಹೋರಾಡಿದ್ದು ಇದಕ್ಕೇ ಅಲ್ಲವೇ? ಹಾಗಾದರೆ ಸ್ಪೆನ್ಸ್ ಹೇಳಿದ್ದರಲ್ಲಿ ಹೊಸತೇನು?
– ಹಿರಿಯ ರೈತರು, ಅಂಕೋಲಾ

ಉತ್ತರ: ತಾವು ದಿನಕರ ದೇಸಾಯಿಯವರ ಕಾಲದ ರೈತ ಚಳವಳಿಯನ್ನು ಕಂಡವರೆಂದು ಪತ್ರದಲ್ಲಿ ಬರೆದಿದ್ದೀರಿ. ಆ ಚಳವಳಿಗಾಗಿ ಬ್ರಿಟಿಷ್ ಆಡಳಿತವು ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ತಮ್ಮಂತಹವರ ಮುಂದೆ ಈ ವಿಷಯವನ್ನು ಮಾತನಾಡುವಾಗ ನಾನು ಅಳುಕಿನಿಂದಲೇ ಮಾತನಾಡಬೇಕು. ಆದರೂ ಎರಡು ದಾರಿಗಳು ಬೇರೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರನು 7ನೇ ನಂಬರಿನ ಫಾರಂ ತುಂಬಿ, ನಮ್ಮ ಕಡೆ ಜನ ಹೇಳುವಂತೆ ‘ಡಿಕ್ಲರೇಶನ್ ಹಾಕಿ’, ತಾನು ಉಳುತ್ತಿದ್ದ ಗದ್ದೆಗೆ ತಾನೇ ಒಡೆಯನಾದ. ಧಣಿಯ ಅಂಗಳಕ್ಕೆ ಭತ್ತ ಹೊರುವುದು ನಿಂತಿತು. ಅದು ದೊಡ್ಡ ಬಿಡುಗಡೆ. ಆದರೆ ಅದೇ ಗದ್ದೆಯಲ್ಲಿ ನಟ್ಟಿ ಮಾಡಿದ ಕೂಲಿ ಹೆಂಗಸಿಗೆ, ಊರಿನ ಕಮ್ಮಾರನಿಗೆ, ಮೀನು ಹೊತ್ತು ಮಾರುವವಳಿಗೆ ಡಿಕ್ಲರೇಶನ್ ಹಾಕಲು ಗದ್ದೆಯೇ ಇರಲಿಲ್ಲ. ಒಬ್ಬ ಒಡೆಯನ ಜಾಗದಲ್ಲಿ ಹತ್ತು ಒಡೆಯರಾದರು. ಹನ್ನೊಂದನೆಯವರು ಇದ್ದಲ್ಲೇ ಉಳಿದರು.

ಸ್ಪೆನ್ಸ್ ನೆಲವನ್ನು ಯಾರಿಗೂ ಹಂಚಲಿಲ್ಲ, ನೆಲದ ಗೇಣಿಯನ್ನು ಹಂಚಿದ. ಅವನ ಲೆಕ್ಕದಲ್ಲಿ ಉಳುವವನೂ ಗೇಣಿ ಕೊಡಲೇಬೇಕು, ಆದರೆ ಅದು ಧಣಿಗೆ ಹೋಗದೆ ಊರಿಗೆ ಹೋಗುತ್ತದೆ. ಊರಿನಿಂದ ತಲೆಗಿಷ್ಟರಂತೆ ಅವನ ಮನೆಗೂ ಮರಳಿ ಬರುತ್ತದೆ, ಪಕ್ಕದ ಕೂಲಿಯ ಮನೆಗೂ ಅಷ್ಟೇ ಬರುತ್ತದೆ. ಹೆಚ್ಚು ನೆಲ ಹಿಡಿದವನು ಹೆಚ್ಚು ಕೊಟ್ಟು ಸಮಪಾಲು ಪಡೆಯುತ್ತಾನೆ, ಬಿಡಾರದಲ್ಲಿರುವವನು ಅಲ್ಪ ಕೊಟ್ಟು ಸಮಪಾಲು ಪಡೆಯುತ್ತಾನೆ. ರೈತನಿಗೆ ಇದು ರುಚಿಸುವ ಮಾತಲ್ಲ ಎಂಬುದು ನನಗೆ ಗೊತ್ತು. 7 ವರ್ಷಕ್ಕೊಮ್ಮೆ ಹರಾಜಿಗೆ ಬರುವ ನೆಲದಲ್ಲಿ ಅಡಿಕೆ ಸಸಿಯನ್ನು ನೆಡುವ ಎದೆಗಾರಿಕೆ ಯಾರಿಗಿದ್ದೀತು? ಫಸಲು ಕಣ್ಣಿಗೆ ಬೀಳುವಷ್ಟರಲ್ಲಿ ಕರಾರು ಮುಗಿದಿರುತ್ತದೆ. ಗೋಧಿ ಬೆಳೆಯುವ ನಾಡಿನ ಲೆಕ್ಕ ತೋಟದ ನಾಡಿಗೆ ಹೊಂದುವುದಿಲ್ಲ. ಇಲ್ಲಿ ನಾನು ಸ್ಪೆನ್ಸ್‌ನ ಪಕ್ಷ ವಹಿಸುವುದಿಲ್ಲ.

ಪ್ರಶ್ನೆ: ಇಂತಹ ಮಾತಿಗೆ ಅವನನ್ನು ಸುಮ್ಮನೆ ಬಿಟ್ಟರೆ?
– ಕಾನೂನು ವಿದ್ಯಾರ್ಥಿ, ಶಿರಸಿ

ಉತ್ತರ: ಬಿಡಲಿಲ್ಲ. ಲಂಡನ್ನಿನ ಚಾನ್ಸರಿ ಲೇನ್ ತುದಿಯಲ್ಲಿ ಸಾಲೂಪ್ ಎಂಬ ಬಿಸಿ ಕಷಾಯವನ್ನೂ ರಾಜಕೀಯ ಹೊತ್ತಗೆಗಳನ್ನೂ ಒಂದೇ ಗಾಡಿಯಲ್ಲಿಟ್ಟು ಮಾರುತ್ತಿದ್ದ ಅವನನ್ನು ಮತ್ತೆ ಮತ್ತೆ ಹಿಡಿದರು. 1794ರಲ್ಲಿ ವಿಚಾರಣೆಯಿಲ್ಲದೆ ಏಳು ತಿಂಗಳು, 1801ರಲ್ಲಿ ವಿಚಾರಣೆ ನಡೆದು ಒಂದು ವರ್ಷ ಸೆರೆಯಲ್ಲಿದ್ದ. ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್ ಸಾಮಾನ್ಯ ಜನರನ್ನು ಹಂದಿಗಳ ಹಿಂಡಿಗೆ ಹೋಲಿಸಿದ್ದಕ್ಕೆ ಉತ್ತರವಾಗಿ ಸ್ಪೆನ್ಸ್ ತನ್ನ ವಾರಪತ್ರಿಕೆಗೆ ‘ಪಿಗ್ಸ್ ಮೀಟ್’, ಎಂದರೆ ಹಂದಿಯ ಮೇವು, ಎಂದೇ ಹೆಸರಿಟ್ಟಿದ್ದ. ತನ್ನ ವಿಚಾರಣೆಯ ವೃತ್ತಾಂತವನ್ನು ತಾನೇ ರೂಪಿಸಿದ, ನುಡಿದಂತೆ ಬರೆಯುವ ಲಿಪಿಯಲ್ಲಿ ಅಚ್ಚು ಹಾಕಿಸಿದ್ದೂ ಉಂಟು. ಬರೆದಂತೆ ಓದುವ ಸೌಕರ್ಯ ಹುಟ್ಟಿನಿಂದಲೇ ಸಿಕ್ಕಿರುವ ಕನ್ನಡಿಗರಿಗೆ ಆ ಹಟ ಅರ್ಥವಾಗುವುದು ಕಷ್ಟ. ಅವನು 1814ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಗೆಳೆಯರು ಶವದ ಮುಂದೆ ತಕ್ಕಡಿಯೊಂದನ್ನು ಹಿಡಿದು ನಡೆದರು. 1817ರಲ್ಲಿ ಪಾರ್ಲಿಮೆಂಟು ಮಾಡಿದ ಕಾನೂನೊಂದು ಸ್ಪೆನ್ಸ್‌ನ ಅನುಯಾಯಿಗಳ ಸಂಘಗಳನ್ನು ಹೆಸರೆತ್ತಿಯೇ ನಿಷೇಧಿಸಿತು.

ಪ್ರಶ್ನೆ: ದುಡಿಯದವನಿಗೆ ಪಾಲು ಏಕೆ? ಕಡಲಿಗೆ ಇಳಿದವನಿಗೆ ಮೀನು ಎಂಬುದು ನಮ್ಮ ನ್ಯಾಯ. ಕುಳಿತಲ್ಲೇ ದುಡ್ಡು ಬಂದರೆ ಯಾರು ಬಲೆ ಎಳೆಯುತ್ತಾರೆ?
– ಮೀನುಗಾರರು, ಕಾರವಾರ

ಉತ್ತರ: ಬಂದ ಪತ್ರಗಳಲ್ಲೆಲ್ಲ ಗಟ್ಟಿಯಾದ ಪ್ರಶ್ನೆ ತಮ್ಮದು. ಪರ್ಸೀನ್ ಬೋಟುಗಳು ಇನ್ನೂ ಬಾರದಿದ್ದ ಕಾಲದಲ್ಲಿ ನಮ್ಮ ತೀರದಲ್ಲಿ ರಂಪಣಿ ಎಳೆಯುವುದನ್ನು ನಾನು ಹುಡುಗನಾಗಿ ನೋಡಿದ್ದೇನೆ. ದೋಣಿಯವರು ಬಂಗಡೆಯ ಹಿಂಡನ್ನು ಬಳಸಿ ಅರ್ಧಚಂದ್ರದಂತೆ ಬಲೆ ಬಿಟ್ಟು ಹಗ್ಗದ ತುದಿಗಳನ್ನು ದಡಕ್ಕೆ ಮುಟ್ಟಿಸಿದರೆ, ಒಂದೊಂದು ತುದಿಗೆ ಹತ್ತಾರು ಜನ ಸಾಲುಗಟ್ಟಿ ಹಿಂದಕ್ಕೆ ಹೆಜ್ಜೆಯಿಡುತ್ತಾ ಎಳೆಯುತ್ತಿದ್ದರು. ಶಾಲೆ ತಪ್ಪಿಸಿ ಬಂದ ನಾವೂ ಹಗ್ಗಕ್ಕೆ ಕೈ ಹಾಕುತ್ತಿದ್ದೆವು, ಅಂಗೈ ಸುಲಿಯುತ್ತಿತ್ತು. ಬಲೆ ಮೇಲೆ ಬಂದ ಮೇಲೆ ಮರಳಿನಲ್ಲಿ ರಾಶಿಗಳಾಗುತ್ತಿದ್ದವು: ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು. ನಮ್ಮಂತಹ ಹುಡುಗರಿಗೂ ಓಲೆಯ ಚೂರಿಗೆ ಪೋಣಿಸಿದ ನಾಲ್ಕು ಬಂಗಡೆ.

ಆ ತೀರದಲ್ಲಿ ಒಬ್ಬ ಮುದುಕಿ ಬಂದು ಕುಳಿತುಕೊಳ್ಳುತ್ತಿದ್ದಳು. ಅವಳ ಗಂಡ ಕಡಲಿಗೆ ಹೋಗಿ ಮರಳಿರಲಿಲ್ಲ. ಹಗ್ಗ ಹಿಡಿಯುವ ಶಕ್ತಿ ಅವಳಿಗಿರಲಿಲ್ಲ. ಪಾಲು ಮುಗಿದ ಮೇಲೆ ಯಾರಾದರೊಬ್ಬರು ಅವಳ ಬುಟ್ಟಿಗೆ ಒಂದು ಬೊಗಸೆ ಮೀನು ಹಾಕುತ್ತಿದ್ದರು. ಹಾಕದೆ ಇದ್ದ ದಿನವನ್ನೂ ನಾನು ನೋಡಿದ್ದೇನೆ. ಬಲೆ ಬರಿದಾಗಿತ್ತು ಎಂದೇನಲ್ಲ, ಅಂದು ಪಾಲು ಮಾಡಿದವನ ಮನಸ್ಸು ಸರಿಯಿರಲಿಲ್ಲ. ಅವಳು ಏನೂ ಕೇಳದೆ ಬುಟ್ಟಿಯನ್ನು ಬೋರಲು ಮಾಡಿ ಮರಳು ಕೊಡವಿಕೊಂಡು ಎದ್ದು ಹೋದಳು.

ಸ್ಪೆನ್ಸ್ ಹೇಳುವುದನ್ನು ಈ ತೀರದ ಭಾಷೆಗೆ ತಂದರೆ, ಬಲೆಯ ಪಾಲು, ದೋಣಿಯ ಪಾಲು, ಎಳೆದವರ ಪಾಲು ಇದ್ದಂತೆಯೇ ಇರಲಿ, ಆದರೆ ಕಡಲಿಗೂ ಒಂದು ಪಾಲು ತೆಗೆಯಬೇಕು ಎಂದಾಗುತ್ತದೆ. ಬಲೆಯನ್ನು ನಾವು ಹೆಣೆದೆವು, ದೋಣಿಯನ್ನು ನಾವು ಕಟ್ಟಿಸಿದೆವು, ಬಂಗಡೆಯನ್ನು ಮಾತ್ರ ನಾವಾರೂ ಮಾಡಲಿಲ್ಲ. ಆ ಕಡಲಿನ ಪಾಲು ಎಣಿಸಿದ ರಾಶಿಯಾಗಿ ಮುದುಕಿಗೂ, ತೊಟ್ಟಿಲ ಕೂಸಿಗೂ, ಎಳೆದ ತಮಗೂ ಸಮನಾಗಿ ಸಲ್ಲಬೇಕು. ಆಗ ಅದು ಯಾರ ಮನಸ್ಸಿನ ಮೇಲೂ ನಿಂತಿರುವುದಿಲ್ಲ. ಎಳೆದವನ ಕೂಲಿಯನ್ನು ಕಿತ್ತು ಕುಳಿತವನಿಗೆ ಕೊಡುವ ಮಾತು ಸ್ಪೆನ್ಸ್‌ನಲ್ಲಿ ಎಲ್ಲಿಯೂ ಇಲ್ಲ. ಎಳೆದ ಕೂಲಿ ಎಳೆದವನದೇ.

ಕುಳಿತು ಉಣ್ಣುವ ಭಯದ ಬಗ್ಗೆ ಒಂದು ಮಾತು. ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ 2011ರಿಂದ ‘ಸೇವಾ’ (SEWA) ಎಂಬ ಸ್ವ-ಉದ್ಯೋಗಿ ಮಹಿಳೆಯರ ಸಂಘಟನೆಯವರು ಯುನಿಸೆಫ್ ನೆರವಿನಿಂದ ಇದನ್ನು ಮಾಡಿ ನೋಡಿದರು. ಮೊದಲಿಗೆ ತಿಂಗಳಿಗೆ ದೊಡ್ಡವರಿಗೆ 200, ಮಕ್ಕಳಿಗೆ 100 ರೂಪಾಯಿ, ಆಮೇಲೆ 300 ಮತ್ತು 150, ಯಾವ ಷರತ್ತೂ ಇಲ್ಲದೆ. ಜನ ಕೆಲಸ ಬಿಟ್ಟು ಕೂರಲಿಲ್ಲ. ಸಾಲದ ಕೂಲಿಯಿಂದ ಬಿಡಿಸಿಕೊಂಡು ಸ್ವಂತ ಹೊಲ, ಸಣ್ಣ ಕಸುಬುಗಳ ಕಡೆ ತಿರುಗಿದವರು ಹೆಚ್ಚಾದರು. ಆ ಮೊತ್ತದಲ್ಲಿ ಕುಳಿತು ಉಣ್ಣುವುದು ಹೇಗೂ ಆಗದ ಮಾತು ಎಂದು ತಾವು ಹೇಳಿದರೆ ಅದನ್ನೂ ಒಪ್ಪುತ್ತೇನೆ. ಹೊಟ್ಟೆ ತುಂಬುವಷ್ಟು ಕೊಟ್ಟಾಗ ಏನಾದೀತು ಎಂಬುದನ್ನು ಆ ಹಳ್ಳಿಗಳಿಂದ ತೀರ್ಮಾನಿಸಲಾಗದು.

ಪ್ರಶ್ನೆ: ನನಗೆ ಗೃಹಲಕ್ಷ್ಮಿ ಹಣ ಬರುತ್ತದೆ. ಇದೂ ಮೂಲ ಆದಾಯವೇ?
– ಸ್ವಸಹಾಯ ಸಂಘದ ಸದಸ್ಯೆ, ಕುಮಟಾ

ಉತ್ತರ: ಅಲ್ಲ ತಾಯಿ, ಆದರೆ ನೆಂಟಸ್ತಿಕೆ ಇದೆ. 2023ರ ಆಗಸ್ಟಿನಲ್ಲಿ ಆರಂಭವಾದ ಈ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಸಲ್ಲುವುದು ಮನೆಯ ಯಜಮಾನಿಗೆ, ಅದೂ ಅವರು ಅಥವಾ ಅವರ ಪತಿ ಆದಾಯ ತೆರಿಗೆ ಕಟ್ಟುವವರಾಗಿರದಿದ್ದರೆ. ಇದನ್ನು ಹೇಗೆ ಖರ್ಚು ಮಾಡಿದಿರಿ ಎಂದು ಕೇಳುವವರಿಲ್ಲ ಎಂಬ ಮಟ್ಟಿಗೆ ಷರತ್ತಿಲ್ಲ. ಆದರೆ ಎಲ್ಲರಿಗೂ ಇಲ್ಲ, ತಲೆಗಿಷ್ಟು ಎಂದೂ ಇಲ್ಲ. ಮನೆಯಲ್ಲಿ ಇಬ್ಬರಿರಲಿ, ಹತ್ತು ಜನರಿರಲಿ, ಅದೇ 2,000. ಸ್ಪೆನ್ಸ್‌ನಲ್ಲಿ ಇದರ ತಿರುವುಮುರುವಾದ ಒಂದು ವಿಚಿತ್ರವಿದೆ. ಗಂಡಸರು ತಮ್ಮ ಹಕ್ಕನ್ನೇ ಕಾಯಲಾರದೆ ಹೋದರು, ಹೆಂಡತಿ ಮಕ್ಕಳದ್ದನ್ನು ಕಾಯುವುದು ದೂರವೇ ಉಳಿಯಿತು, ಆದ್ದರಿಂದ ಗೇಣಿ ವಸೂಲಿ, ಹರಾಜು, ಹಂಚಿಕೆ ಎಲ್ಲವನ್ನೂ ಪ್ರತಿ ಪ್ಯಾರಿಷ್‌ನಲ್ಲಿ ಹೆಂಗಸರ ಸಮಿತಿಯೇ ನಡೆಸತಕ್ಕದ್ದು ಎಂದು ಅವನ ತಾಯಿ ಪಾತ್ರ ಗುಡುಗುತ್ತದೆ. ಕೊನೆಗೆ ಹಣವನ್ನು ಕೊಡುವಾಗ ಮಾತ್ರ ತಲೆ ಎಣಿಸಿ ಕುಟುಂಬದ ಯಜಮಾನನ ಕೈಗೇ ಕೊಡುತ್ತದೆ. ಎಲ್ಲವನ್ನೂ ಯೋಚಿಸಿದ ಮನುಷ್ಯ ಅಲ್ಲಿ ಎಡವಿದ. ಆ ಒಂದು ವಿಷಯದಲ್ಲಿ ತಮ್ಮ ಬ್ಯಾಂಕ್ ಪಾಸ್‌ಬುಕ್ಕು ಸ್ಪೆನ್ಸ್‌ಗಿಂತ ಮುಂದಿದೆ.

ಪ್ರಶ್ನೆ: ನಮ್ಮ ಊರು ಅಣೆಕಟ್ಟಿನ ನೀರಿನಲ್ಲಿದೆ. ನಮ್ಮ ಹಿರಿಯರಿಗೆ ಪರಿಹಾರ ಸಿಕ್ಕಿತು, ಮುಗಿಯಿತು. ಸ್ಪೆನ್ಸ್ ಇದಕ್ಕೆ ಏನು ಹೇಳುತ್ತಿದ್ದ?
– ಯುವ ಓದುಗರು, ಜೋಯಿಡಾ

ಉತ್ತರ: ಪರಿಹಾರ ಎಂಬುದು ಪೇನ್‌ನ 15 ಪೌಂಡಿನ ಜಾತಿಗೆ ಸೇರಿದ್ದು. ಕಾಗದದಲ್ಲಿ ಹೆಸರಿದ್ದವನಿಗೆ ಒಂದು ಸಲ ಗಂಟು, ಅಲ್ಲಿಗೆ ಸಂಬಂಧ ಮುಗಿಯಿತು. ಕಾಳಿ ನದಿಯ ಸೂಪಾ ಅಣೆಕಟ್ಟಿನಲ್ಲಿ ಮುಳುಗಿದ ಊರಿರಲಿ, ಸೀಬರ್ಡ್ ನೌಕಾನೆಲೆಗೆ ಕಾರವಾರ–ಅಂಕೋಲೆಯ ಜನ ಬಿಟ್ಟುಕೊಟ್ಟ ಊರುಗಳಿರಲಿ, ಲೆಕ್ಕ ಆಗಿದ್ದು ಗುಂಟೆಯಲ್ಲಿ. ಕಾಳಿ ನದಿ ಇಂದೂ ಕರೆಂಟು ಕೊಡುತ್ತಿದೆ. ಆ ನೀರಿನ ಗೇಣಿ ನಿರಂತರವಾಗಿ ಹುಟ್ಟುತ್ತಿರುವಾಗ ಪಾಲೂ ನಿರಂತರವಾಗಿರಬೇಕು, ಇನ್ನೂ ಹುಟ್ಟದ ಕೂಸಿಗೂ ಇರಬೇಕು ಎಂದು ಸ್ಪೆನ್ಸ್ ವಾದಿಸುತ್ತಿದ್ದ. ಅಮೆರಿಕದ ಅಲಾಸ್ಕಾ ರಾಜ್ಯ ತೈಲದ ಆದಾಯದಿಂದ ನಿಧಿ ಮಾಡಿ 1982ರಿಂದ ಪ್ರತಿ ವರ್ಷ ಅಲ್ಲಿನ ನಿವಾಸಿಗಳಿಗೆ, ಮಕ್ಕಳನ್ನೂ ಸೇರಿಸಿ, ಸಮಪಾಲು ಕೊಡುತ್ತಿದೆ. ಬಡಬಗ್ಗರಿಗೆಂದು ಕೊಡುವ ಹಣವಲ್ಲ ಅದು, ಅಲ್ಲಿ ಅದರ ಹೆಸರೇ ಡಿವಿಡೆಂಡ್.

ಆದರೆ ತಮ್ಮ ಪ್ರಶ್ನೆಯ ಬೆನ್ನಿಗೇ ಇನ್ನೊಂದಿದೆ. ಕಾಳಿಯ ನೀರಿನ ‘ಊರು’ ಯಾವುದು? ಮುಳುಗಿದ ಹಳ್ಳಿಯೇ, ಜೋಯಿಡಾ ತಾಲ್ಲೂಕೇ, ಜಿಲ್ಲೆಯೇ, ದೀಪ ಉರಿಯುವ ಬೆಂಗಳೂರೂ ಸೇರಿದ ಇಡೀ ರಾಜ್ಯವೇ? ಪ್ಯಾರಿಷ್‌ನ ಗಡಿಯೊಳಗೆ ಗೇಣಿ ಎಂದು ಸ್ಪೆನ್ಸ್ ಬರೆದಾಗ ಅವನ ಕಣ್ಣ ಮುಂದಿದ್ದುದು ನ್ಯೂಕ್ಯಾಸಲ್‌ನ ಹುಲ್ಲುಗಾವಲು, ಅದು ಊರ ಗಡಿಯನ್ನು ದಾಟಿ ಹರಿಯುತ್ತಿರಲಿಲ್ಲ. ಬಂದರಿರುವ ಪ್ಯಾರಿಷ್ ಶ್ರೀಮಂತವಾಗಿ, ಕಲ್ಲುಗುಡ್ಡದ ಪ್ಯಾರಿಷ್ ಬಡವಾಗಿ ಉಳಿಯುವುದನ್ನು ಅವನ ಏರ್ಪಾಡು ಸರಿಪಡಿಸುವಂತೆ ನನಗೆ ತೋರುವುದಿಲ್ಲ. ನನ್ನನ್ನು ಕೇಳಿದರೆ, ಪಾಲು ರಾಜ್ಯದ ಎಲ್ಲರಿಗೂ ಸಮನಾಗಿರಲಿ, ಮುಳುಗಿದ ಊರಿನವರಿಗೆ ಅದರ ಮೇಲೆ ಇನ್ನೊಂದು ಪಾಲಿರಲಿ ಎನ್ನುತ್ತೇನೆ. ಸ್ಪೆನ್ಸ್ ಈ ಎರಡನೆಯ ಪಾಲನ್ನು ಒಪ್ಪುತ್ತಿರಲಿಲ್ಲ. ಒಬ್ಬರಿಗೆ ಹೆಚ್ಚು ಎಂದೊಡನೆ ಅವನು ಎದ್ದು ನಿಲ್ಲುತ್ತಿದ್ದ.